ಫೈಲು, ಪೆಟ್ಟಿಗೆ, ಕೋಣೆ

(ಸಂಗೀತ ಕೇಳುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿ ಆದಷ್ಟು ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ನಾನು ಮರ್ಯಾದೆ ಕಳೆದುಕೊಂಡ ಕಥೆಯಿಂದಲೇ ಶುರು ಮಾಡುತ್ತೇನೆ. ನಾನೇ ಹೇಳಿಬಿಟ್ಟರೆ ಬೇರೆಯವರು ಬಣ್ಣ ಕಟ್ಟಿ ಹೇಳುವುದು ತಪ್ಪುತ್ತದೆ.

ಕೆಲವು ವರ್ಷಗಳ ಹಿಂದೆ ನನಗೆ ಹೈ-ರೆಸಲ್ಯೂಷನ್ ಆಡಿಯೊದ, ಅಂದರೆ ಸಿಡಿಗಿಂತ ಹೆಚ್ಚು ಅಂಕಿ ತುಂಬಿದ ಫೈಲುಗಳ, ಹುಚ್ಚು ಹತ್ತಿತ್ತು. 24 ಬಿಟ್, 96 ಕಿಲೋಹರ್ಟ್ಜ್ ಇದ್ದರೆ ಕೇಳುವುದು, ಎಂಪಿ3 ಎಂದರೆ ಮೂಗು ಮುರಿಯುವುದು. ಮನೆಗೆ ಬಂದವರಿಗೆಲ್ಲ ಇದೇ ಪಾಠ. ಒಂದು ದಿನ ಮಗಳಿಗೆ ರೇಗಿಹೋಯಿತು. "ಅಪ್ಪಾ, ಕಣ್ಣು ಮುಚ್ಚಿ ಕೂತ್ಕೋ. ನಾನು ಹಾಕ್ತೀನಿ, ಯಾವುದು ಯಾವುದು ಅಂತ ನೀನು ಹೇಳು" ಎಂದು ಕಂಪ್ಯೂಟರ್ ಮುಂದೆ ಕೂತಳು. ಒಂದು ಆಲಾಪನೆಯ ಮೊದಲ ಎರಡು ನಿಮಿಷವನ್ನು ಆರು ಸಲ ಹಾಕಿದಳು. ನಾನು ಆರು ಸಲವೂ ತೀರ್ಪು ಕೊಟ್ಟೆ. ಒಂದರಲ್ಲಿ ತಂಬೂರಿಯ ನಾದ ಗಾಳಿಯಲ್ಲಿ ತೇಲುತ್ತಿದೆ ಎಂದೆ, ಇನ್ನೊಂದರಲ್ಲಿ ಅದಕ್ಕೆ ಕಂಬಳಿ ಹೊದಿಸಿದಂತಿದೆ ಎಂದೆ. ಮೂರಕ್ಕೆ ಹೈ-ರೆಸ್ ಎಂಬ ಪಟ್ಟ, ಮೂರಕ್ಕೆ ಎಂಪಿ3 ಎಂಬ ಹಣೆಪಟ್ಟಿ. ಕೊನೆಗೆ ಅವಳು ಬರೆದಿಟ್ಟುಕೊಂಡಿದ್ದ ಚೀಟಿ ತೋರಿಸಿದಳು. ಆರು ಸಲವೂ ಹಾಕಿದ್ದು ಒಂದೇ ಫೈಲು, ಅದೂ ಎಂಪಿ3. ಮೂರು ಸಲ ಮಾತ್ರ ವಾಲ್ಯೂಮ್ ಅನ್ನು ಒಂದು ಗೆರೆ ಮೇಲಕ್ಕೆ ಸರಿಸಿದ್ದಳು. ನಾನು ಹೈ-ರೆಸ್ ಎಂದು ಕೊಂಡಾಡಿದ್ದು ಆ ಮೂರನ್ನೇ.

ಇವತ್ತಿನ ಮಾತೆಲ್ಲ ಹುಟ್ಟಿದ್ದು ಆ ಚೀಟಿಯಿಂದ. ಮನೆಯಲ್ಲಿ ಕೂತು ಸಂಗೀತ ಕೇಳುವವರ ಮುಂದೆ ಮೂರು ಸಂಗತಿಗಳಿರುತ್ತವೆ: ಫೈಲು, ಅದನ್ನು ನುಡಿಸುವ ಪೆಟ್ಟಿಗೆಗಳು, ಕೇಳುವ ಕೋಣೆ. ನಾವು ತಲೆ ಕೆಡಿಸಿಕೊಳ್ಳುವುದು ಇದೇ ಕ್ರಮದಲ್ಲಿ. ಕಿವಿಗೆ ತಲುಪುವ ವ್ಯತ್ಯಾಸದ ಲೆಕ್ಕ ಮಾಡಿದರೆ ಕ್ರಮ ತಲೆಕೆಳಗಾಗುತ್ತದೆ. ಆದರೂ ನಾನು ಫೈಲಿನಿಂದಲೇ ಹೊರಡುತ್ತೇನೆ. ನೀವೆಲ್ಲ ಬಂದಿರುವುದು ಅದಕ್ಕೇ ಎಂದು ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತಿದೆ.

ಡಿಜಿಟಲ್ ಧ್ವನಿ ಎಂದ ಕೂಡಲೇ ಜಾಹೀರಾತುಗಳಲ್ಲಿ ಒಂದು ಚಿತ್ರ ಬರುತ್ತದೆ. ಒಂದು ಕಡೆ ನುಣುಪಾದ ಅಲೆ, ಇನ್ನೊಂದು ಕಡೆ ಅದೇ ಅಲೆ ಮೆಟ್ಟಿಲು ಮೆಟ್ಟಿಲಾಗಿ. ಮೆಟ್ಟಿಲು ಚಿಕ್ಕದಾದಷ್ಟೂ ಧ್ವನಿ ನುಣುಪು, ಆದ್ದರಿಂದ ಸ್ಯಾಂಪಲ್, ಅಂದರೆ ಅಲೆಯನ್ನು ಅಳೆದ ಬಿಂದು, ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ವಾದ. ಚಿತ್ರ ಮುದ್ದಾಗಿದೆ, ಆದರೆ ನಿಮ್ಮ ಉಪಕರಣದಿಂದ ಅಂಥ ಮೆಟ್ಟಿಲು ಯಾವತ್ತೂ ಹೊರಗೆ ಬರುವುದಿಲ್ಲ. ನೈಕ್ವಿಸ್ಟ್ 1928ರಲ್ಲಿ ಸುಳಿವು ಕೊಟ್ಟು, ಶಾನನ್ 1949ರಲ್ಲಿ ಸಾಧಿಸಿ ತೋರಿಸಿದ ಗಣಿತ ಹೇಳುವುದು ಇಷ್ಟು: ಒಂದು ಅಲೆಯಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಎರಡರಷ್ಟಕ್ಕಿಂತ ಹೆಚ್ಚು ಸಲ ಸೆಕೆಂಡಿಗೆ ಅದನ್ನು ಅಳೆದರೆ, ಆ ಮಿತಿಯೊಳಗೆ ಆ ಬಿಂದುಗಳ ಮೂಲಕ ಹಾದುಹೋಗಬಲ್ಲ ಅಲೆ ಒಂದೇ ಒಂದು. ಅದೇ ಮೂಲ ಅಲೆ. ಎರಡು ಬಿಂದುಗಳ ನಡುವೆ ಏನಿತ್ತು ಎಂದು ಊಹೆ ಮಾಡಬೇಕಾಗಿಯೇ ಇಲ್ಲ. ಲೆಕ್ಕದಿಂದ ಅದು ತಾನಾಗಿ ಬರುತ್ತದೆ. ಮನುಷ್ಯನ ಕಿವಿಯ ಮಿತಿ 20 ಕಿಲೋಹರ್ಟ್ಜ್, ಅದೂ ಎಳೆಯ ವಯಸ್ಸಿನಲ್ಲಿ. ಹಾಗಾಗಿ 40 ಕಿಲೋಹರ್ಟ್ಜ್‌ಗಿಂತ ಸ್ವಲ್ಪ ಮೇಲೆ ಹೋದರೆ, ಮಿತಿ ಮೀರಿದ ಕಂಪನಗಳನ್ನು ಸೋಸುವ ಫಿಲ್ಟರ್‌ಗೆ ಒಂದಿಷ್ಟು ಜಾಗ ಬಿಟ್ಟುಕೊಂಡು, ಕೆಲಸ ಮುಗಿಯಿತು.

ಆದರೆ ಸಿಡಿಗೆ 44.1 ಕಿಲೋಹರ್ಟ್ಜ್ ಎಂಬ ಆ ವಿಚಿತ್ರ ಸಂಖ್ಯೆ ಏಕೆ? ಇದು ನನಗೆ ತುಂಬ ಇಷ್ಟದ ಕಥೆ, ಎರಡು ನಿಮಿಷ ಸಹಿಸಿಕೊಳ್ಳಿ. ಸೋನಿ ಮತ್ತು ಫಿಲಿಪ್ಸ್ ಸೇರಿ 1982ರಲ್ಲಿ ಸಿಡಿಯನ್ನು ಮಾರುಕಟ್ಟೆಗೆ ತಂದವು. ಅದಕ್ಕೂ ಮುಂಚೆ ಡಿಜಿಟಲ್ ಧ್ವನಿಯನ್ನು ತುಂಬಿಡಲು ಸಾಕಷ್ಟು ಜಾಗವಿದ್ದದ್ದು ವಿಡಿಯೊ ಟೇಪಿನಲ್ಲಿ. ಅದಕ್ಕೇ ಧ್ವನಿಯ ಅಂಕಿಗಳನ್ನು ಕಪ್ಪು-ಬಿಳುಪು ಚುಕ್ಕಿಗಳ ಚಿತ್ರವನ್ನಾಗಿ ಮಾಡಿ ವಿಡಿಯೊ ರೆಕಾರ್ಡರ್‌ಗೆ ಉಣಿಸುತ್ತಿದ್ದರು. ಟಿವಿ ಪರದೆಯ ಒಂದೊಂದು ಗೆರೆಯಲ್ಲಿ ಮೂರು ಸ್ಯಾಂಪಲ್. ಸೆಕೆಂಡಿಗೆ 60 ಫೀಲ್ಡ್‌ಗಳ (ಫೀಲ್ಡ್ ಎಂದರೆ ಟಿವಿಯ ಅರ್ಧ ಚಿತ್ರ) ಪದ್ಧತಿಯಲ್ಲಿ ಫೀಲ್ಡಿಗೆ ಬಳಸಬಹುದಾದ ಗೆರೆಗಳು 245: ಮೂರನ್ನು 245ರಿಂದ, ಅದನ್ನು 60ರಿಂದ ಗುಣಿಸಿ, 44,100. ಸೆಕೆಂಡಿಗೆ 50 ಫೀಲ್ಡ್‌ಗಳ ಪದ್ಧತಿಯಲ್ಲಿ 294 ಗೆರೆ: ಅಲ್ಲೂ 44,100. ಎರಡು ಪದ್ಧತಿಗೂ ಹೊಂದುವ ಸಂಖ್ಯೆ ಸಿಕ್ಕಿತಲ್ಲ, ಅದೇ ಗಟ್ಟಿಯಾಯಿತು. ಇವತ್ತು ನಾವು ಫೋನಿನಲ್ಲಿ ಕೇಳುವ ಹಾಡಿನ ಒಳಗೂ ಆ ಹಳೆಯ ಟಿವಿ ಗೆರೆಗಳ ಲೆಕ್ಕ ಕೂತಿದೆ.

ಇನ್ನು ಬಿಟ್, ಅಂದರೆ ಒಂದೊಂದು ಸ್ಯಾಂಪಲ್ ಬರೆಯಲು ಬಳಸುವ ಸೊನ್ನೆ-ಒಂದುಗಳು. ಬಿಟ್ ಹೆಚ್ಚಾದರೆ ಧ್ವನಿ 'ಸೂಕ್ಷ್ಮ'ವಾಗುತ್ತದೆ ಎಂದುಕೊಳ್ಳುತ್ತೇವೆ. ನಿಜವಾಗಿ ಬದಲಾಗುವುದು ತಳದಲ್ಲಿರುವ ಗೊರಗೊರ ಸದ್ದಿನ ಮಟ್ಟ. ಒಂದೊಂದು ಬಿಟ್‌ಗೆ ಸುಮಾರು 6 ಡೆಸಿಬೆಲ್. 16 ಬಿಟ್ ಎಂದರೆ 96 ಡೆಸಿಬೆಲ್, 24 ಬಿಟ್ ಎಂದರೆ 144. ಒಂದು ಸಣ್ಣ ಲೆಕ್ಕ ಹಾಕೋಣ. ರಾತ್ರಿ ಹೊತ್ತು ಸದ್ದಿಲ್ಲದ ಕೋಣೆಯಲ್ಲೂ 30 ಡೆಸಿಬೆಲ್ ಆಸುಪಾಸಿನ ಸದ್ದು ಇದ್ದೇ ಇರುತ್ತದೆ. ಸಿಡಿಯ ತಳದ ಸದ್ದು ಆ 30ಕ್ಕೆ ಸರಿಸಮ ಆಗುವಷ್ಟು ವಾಲ್ಯೂಮ್ ಏರಿಸಿದಿರಿ ಎನ್ನಿ. ಆಗ ಹಾಡಿನ ತಾರಕದ ಭಾಗ 126 ಡೆಸಿಬೆಲ್ ಮುಟ್ಟುತ್ತದೆ. ಅದು ಕಿವಿ ನೋಯುವ ಮಟ್ಟ. ಪಕ್ಕದ ಮನೆಯವರು ಅಷ್ಟರಲ್ಲಿ ಬಾಗಿಲು ಬಡಿಯುತ್ತಿರುತ್ತಾರೆ, ನಿಮಗೆ ಕೇಳಿಸುವುದಿಲ್ಲ ಅಷ್ಟೆ. ಧ್ವನಿಮುದ್ರಣ ಮಾಡುವವರಿಗೆ 24 ಬಿಟ್ ಬೇಕೇ ಬೇಕು; ಹಾಡುವವರು ಯಾವಾಗ ದನಿ ಏರಿಸುತ್ತಾರೋ ಗೊತ್ತಿರುವುದಿಲ್ಲ, ಮೇಲೆ ಜಾಗ ಬಿಟ್ಟುಕೊಂಡು ಕೂರಬೇಕು. ಮುಗಿದ ಮುದ್ರಣ ಮನೆಗೆ ಬರುವಾಗ 16 ಸಾಕು.

ಇದು ಬರೀ ಕಾಗದದ ಲೆಕ್ಕ ಎನ್ನಬೇಡಿ, ಕೇಳಿಸಿ ನೋಡಿದವರಿದ್ದಾರೆ. ಮೆಯರ್ ಮತ್ತು ಮೊರಾನ್ ಎಂಬಿಬ್ಬರು 2007ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸೂಪರ್ ಆಡಿಯೊ ಸಿಡಿಯಂಥ ಹೈ-ರೆಸ್ ಡಿಸ್ಕಿನಿಂದ ಬರುವ ಧ್ವನಿಯನ್ನು ಒಮ್ಮೆ ನೇರವಾಗಿ, ಒಮ್ಮೆ ನಡುವೆ 16 ಬಿಟ್, 44.1ರ ಸಿಡಿ ಮಟ್ಟದ ಬಾಗಿಲು ದಾಟಿಸಿ ಕೇಳಿಸಿದರು. 554 ಸಲ ಕೇಳಿಸಿದಾಗ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. ನ್ಯಾಯವಾಗಿ ಇನ್ನೊಂದು ಕಡೆಯನ್ನೂ ಹೇಳಬೇಕು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 2016ರಲ್ಲಿ ಇಂಥ 18 ಪ್ರಯೋಗಗಳ, 12,000ಕ್ಕೂ ಹೆಚ್ಚು ಪ್ರಯತ್ನಗಳ ಫಲಿತಾಂಶವನ್ನು ಒಟ್ಟು ಸೇರಿಸಿ ನೋಡಿದರು. ಸರಿಯುತ್ತರ ಶೇ 52.3. ಆಕಸ್ಮಿಕ ಎಂದು ತಳ್ಳಿಹಾಕುವ ಹಾಗಿಲ್ಲ. ತರಬೇತಿ ಪಡೆದವರು ಇನ್ನೂ ಸ್ವಲ್ಪ ಚೆನ್ನಾಗಿ ಗುರುತಿಸಿದ್ದರು. ವ್ಯತ್ಯಾಸ ಸೊನ್ನೆ ಎಂದು ನಾನು ಹೇಳುವುದಿಲ್ಲ. ಕಿವಿಯನ್ನು ಪಳಗಿಸಿಕೊಂಡು, ಉಸಿರು ಬಿಗಿಹಿಡಿದು ಕೇಳಿದರೆ ಸಿಗುವ ವ್ಯತ್ಯಾಸವದು. ಆರಾಮ ಕುರ್ಚಿಯಲ್ಲಿ ಒರಗಿ ಕೇಳುವವರಿಗೆ ಸಿಗುವಂಥದ್ದಲ್ಲ.

"ಹಾಗಾದರೆ ನಾನು ಕೇಳಿದ ಹೈ-ರೆಸ್ ಆಲ್ಬಂ ಹಳೆಯ ಸಿಡಿಗಿಂತ ಚೆನ್ನಾಗಿತ್ತಲ್ಲ?" ಎನ್ನುತ್ತೀರಿ. ಇರಬಹುದು. ಅದು ಬೇರೆ ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚೆ ಧ್ವನಿಯನ್ನು ಹದ ಮಾಡುವ ಕೊನೆಯ ಹಂತ ಬೇರೆ, ಆಗಿರುತ್ತದೆ. 1990ರ ದಶಕದಿಂದೀಚೆಗೆ ಹಾಡುಗಳನ್ನು ಜೋರಾಗಿ ಕೇಳಿಸುವ ಪೈಪೋಟಿ ನಡೆದು, ಮೆಲುದನಿಯನ್ನೆಲ್ಲ ಮೇಲೆತ್ತಿ, ತಾರಕವನ್ನೆಲ್ಲ ಕತ್ತರಿಸಿ, ಅಲೆಯನ್ನು ಇಟ್ಟಿಗೆಯ ಹಾಗೆ ಮಟ್ಟಸ ಮಾಡಿಬಿಟ್ಟರು. ಅದೇ ಹಾಡನ್ನು ಯಾರೋ ಪುಣ್ಯಾತ್ಮರು ಎಚ್ಚರದಿಂದ ಮತ್ತೆ ಮಾಸ್ಟರ್ ಮಾಡಿ ಹೈ-ರೆಸ್ ಎಂದು ಬಿಡುಗಡೆ ಮಾಡಿದರೆ, ಅದನ್ನು ಸಿಡಿ ಮಟ್ಟಕ್ಕೆ ಇಳಿಸಿದರೂ ಚೆನ್ನಾಗಿಯೇ ಇರುತ್ತದೆ. ಮನೆಯಲ್ಲಿ ಮಾಡಿ ನೋಡಿ. ಅದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಈಗ ಫೈಲುಗಳ ಎರಡು ಜಾತಿ. ಒಂದು, ಏನನ್ನೂ ಕಳೆಯದೆ ಕುಗ್ಗಿಸುವಂಥದ್ದು: ಫ್ಲ್ಯಾಕ್, ಆಪಲ್‌ನವರ ಎಎಲ್ಎಸಿ. ಫ್ಲ್ಯಾಕ್ 2001ರಲ್ಲಿ ಬಂತು, ಮುಕ್ತವಾಗಿದೆ, 2024ರಲ್ಲಿ ಇಂಟರ್ನೆಟ್ ಮಾನದಂಡಗಳ ಸಾಲಿಗೂ ಸೇರಿತು. ಅದರ ಉಪಾಯ ಸರಳ. ಹಿಂದಿನ ಕೆಲವು ಸ್ಯಾಂಪಲ್ ನೋಡಿ ಮುಂದಿನದು ಎಷ್ಟಿರಬಹುದು ಎಂದು ಊಹಿಸುತ್ತದೆ, ಊಹೆಗೂ ನಿಜಕ್ಕೂ ಇರುವ ಅಂತರವನ್ನು ಮಾತ್ರ ಬರೆದಿಡುತ್ತದೆ. ಸಂಗೀತದ ಅಲೆ ದಿಢೀರನೆ ಎಲ್ಲೆಲ್ಲಿಗೋ ಹಾರುವುದಿಲ್ಲವಾದ್ದರಿಂದ ಅಂತರ ಸಣ್ಣದು, ಸಣ್ಣ ಸಂಖ್ಯೆಗೆ ಸಣ್ಣ ಜಾಗ. ಫೈಲು ಸುಮಾರು ಅರ್ಧಕ್ಕೋ ಅರ್ಧಕ್ಕಿಂತ ತುಸು ಹೆಚ್ಚಿಗೋ ಇಳಿಯುತ್ತದೆ. ಬಿಚ್ಚಿದಾಗ ಒಂದು ಬಿಟ್ ಕೂಡ ಆಚೀಚೆ ಆಗಿರುವುದಿಲ್ಲ. ಅದನ್ನು ತಾಳೆ ನೋಡಲು ಮೂಲ ಧ್ವನಿಯ ಗುರುತಿನ ಸಂಖ್ಯೆಯೊಂದು ಫೈಲಿನ ತಲೆಯಲ್ಲೇ ಇರುತ್ತದೆ. ಕುಗ್ಗಿಸದ ವೇವ್ ಫೈಲು ಫ್ಲ್ಯಾಕ್‌ಗಿಂತ ಚೆನ್ನಾಗಿ ಕೇಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನನ್ನ ಮಗಳನ್ನು ಕಳಿಸಿಕೊಡುತ್ತೇನೆ.

ಇನ್ನೊಂದು ಜಾತಿ, ಕಳೆದು ಕುಗ್ಗಿಸುವಂಥದ್ದು: ಎಂಪಿ3, ಎಎಸಿ, ಓಗ್ ವೋರ್ಬಿಸ್, ಓಪಸ್. ಸಿಡಿಯ ಧ್ವನಿ ಸೆಕೆಂಡಿಗೆ 1,411 ಕಿಲೋಬಿಟ್. 128ರ ಎಂಪಿ3 ಎಂದರೆ ಅದರ ಹನ್ನೊಂದನೇ ಒಂದು ಪಾಲು. ಉಳಿದ ಹತ್ತು ಪಾಲು ಎಲ್ಲಿ ಹೋಯಿತು? ಇದನ್ನು ತಿಳಿಯಲು ನಾನು ಒಂದು ಆಟ ಆಡಿದ್ದೆ. ಮೂಲ ಫೈಲನ್ನೂ ಅದರಿಂದ ಮಾಡಿದ 256ರ ಎಂಪಿ3ಯನ್ನೂ ಒಂದರ ಮೇಲೊಂದು ಸ್ಯಾಂಪಲ್‌ಗೆ ಸ್ಯಾಂಪಲ್ ಹೊಂದಿಸಿ, ಒಂದನ್ನು ತಲೆಕೆಳಗು ಮಾಡಿ ಕೂಡಿಸಿದೆ. ಎರಡರಲ್ಲೂ ಒಂದೇ ಆಗಿರುವುದೆಲ್ಲ ಅಳಿಸಿಹೋಗಿ, ಎಂಪಿ3 ಕೆಡಿಸಿದ್ದು ಮಾತ್ರ ಉಳಿಯುತ್ತದೆ. ಕೇಳಿದರೆ ಎದೆ ಝಲ್ ಎನ್ನುತ್ತದೆ. ನೀರಿನಡಿ ಯಾರೋ ಹಾಡುತ್ತಿರುವ ಹಾಗೆ, ಒಣಗಿದ ಎಲೆಯ ಮೇಲೆ ಯಾರೋ ತಾಳಕ್ಕೆ ಸರಿಯಾಗಿ ನಡೆಯುತ್ತಿರುವ ಹಾಗೆ. "ಅಯ್ಯೋ, ಇಷ್ಟೆಲ್ಲ ಹಾಳು ಮಾಡಿದ್ದಾರಲ್ಲ!" ಎಂದು ಆ ಕ್ಷಣಕ್ಕೆ ಅನಿಸಿದ್ದು ಸಹಜ. ಆದರೆ ಆ ಸದ್ದನ್ನು ಒಂಟಿಯಾಗಿ ಕೇಳಿದ್ದೇ ನಾನು ಮಾಡಿದ ತಪ್ಪು. ಜೋರಾದ ಸ್ವರದ ಪಕ್ಕದಲ್ಲೇ ಇರುವ ಮೆಲು ಸ್ವರ ನಮ್ಮ ಕಿವಿಗೆ ಕೇಳಿಸುವುದೇ ಇಲ್ಲ. ಎಂಪಿ3 ತನ್ನ ಕೊಳೆಯನ್ನೆಲ್ಲ ಹಾಗೆ ಮರೆಯಾದ ಜಾಗಗಳಲ್ಲಿ ಬಚ್ಚಿಡುತ್ತದೆ. ಹಾಡನ್ನು ತೆಗೆದು ಕೊಳೆಯನ್ನು ಮಾತ್ರ ಕೇಳಿದರೆ, ಮರೆಯನ್ನೇ ಕಿತ್ತು ಹಾಕಿದಂತೆ.

ಎಂಪಿ3 ಹುಟ್ಟಿದ್ದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸುತ್ತ. ಬ್ರಾಂಡೆನ್‌ಬುರ್ಗ್ ಅದರ ಮುಖ್ಯ ತಲೆ. ಅವರಿಗೆ ನಿಜಕ್ಕೂ ಬೆವರಿಳಿಸಿದ್ದು ದೊಡ್ಡ ವಾದ್ಯಮೇಳ ಅಲ್ಲ, ಪಕ್ಕವಾದ್ಯವೇ ಇಲ್ಲದೆ ಒಬ್ಬಳೇ ಹಾಡಿದ ಹೆಣ್ಣುದನಿ. ಬಚ್ಚಿಡಲು ಅಲ್ಲಿ ಜಾಗವೇ ಇಲ್ಲವಲ್ಲ! ಇನ್ನೊಂದು ಕಷ್ಟ ಹೊಡೆತದ ವಾದ್ಯಗಳದ್ದು. ಎಂಪಿ3 ಧ್ವನಿಯನ್ನು ಸುಮಾರು 26 ಮಿಲಿಸೆಕೆಂಡಿನ ತುಂಡುಗಳಾಗಿ ನೋಡುತ್ತದೆ. ತುಂಡಿನ ಕೊನೆಯಲ್ಲಿ ಖಂಜಿರದ ಒಂದು ಹೊಡೆತ ಬಿತ್ತೆನ್ನಿ, ಅದಕ್ಕೆ ಸೇರಿದ ಕೊಳೆ ಇಡೀ ತುಂಡಿಗೆ ಹರಡುತ್ತದೆ. ಅಂದರೆ ಹೊಡೆತ ಬೀಳುವ ಮೊದಲೇ ಅದರ ಎಂಜಲು ಕೇಳಿಸುತ್ತದೆ. ಗುಡುಗಿಗಿಂತ ಮುಂಚೆ ಅದರ ಪ್ರತಿಧ್ವನಿ ಬಂದ ಹಾಗೆ. ಇದನ್ನು ತಪ್ಪಿಸಲು ಅಂಥ ಕಡೆ ತುಂಡನ್ನು ಇನ್ನೂ ಚಿಕ್ಕದು ಮಾಡುವ ಉಪಾಯವಿದೆ, ಆದರೆ ಬಿಟ್‌ರೇಟ್ ಕಡಿಮೆ ಇದ್ದರೆ ಅದೂ ಸೋಲುತ್ತದೆ. ನೀವು 128ರ ಎಂಪಿ3ಯನ್ನು ಹಿಡಿಯಬೇಕೆಂದಿದ್ದರೆ ತಂಬೂರಿ ಕೇಳುತ್ತ ಕೂರಬೇಡಿ. ಖಂಜಿರ, ತಾಳ, ಚಪ್ಪಾಳೆ, ಇಂಥವುಗಳ ಅಂಚು ಕೇಳಿ. ಚೂಪಾಗಿರಬೇಕಾದ ಅಂಚು ಸವೆದು 'ಛ್' ಎಂದಿರುತ್ತದೆ.

320ರ ಎಂಪಿ3, 256ರ ಎಎಸಿಯ ಮಟ್ಟಕ್ಕೆ ಬಂದರೆ ಅದೂ ಮಾಯವಾಗುತ್ತದೆ. 2012ರಲ್ಲಿ ಬಂದ ಓಪಸ್ ಇನ್ನೂ ಜಾಣ. 128ರಲ್ಲೇ ಮೂಲದಿಂದ ಬೇರ್ಪಡಿಸುವುದು ಹೆಚ್ಚಿನವರಿಗೆ ಕಷ್ಟ. ಕೇಳುವುದಕ್ಕೆ ಇವು ಸಾಕು. ಕೂಡಿಡುವುದಕ್ಕೆ ಮಾತ್ರ ಫ್ಲ್ಯಾಕ್ ಬೇಕು. ಕಾರಣ, ಕಳೆದು ಕುಗ್ಗಿಸಿದ್ದನ್ನು ಇನ್ನೊಂದು ಮಾದರಿಗೆ ಬದಲಿಸಿದರೆ ಮತ್ತೊಂದು ಸುತ್ತು ಕಳೆಯುತ್ತದೆ, ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗೆ. ಎಂಪಿ3ಯನ್ನು ಫ್ಲ್ಯಾಕ್‌ಗೆ ಬದಲಿಸಿದರೆ ಹೋದದ್ದು ವಾಪಸು ಬರುವುದೂ ಇಲ್ಲ. ಹಾಗೆ ವೇಷ ಹಾಕಿಸಿದ ಫೈಲುಗಳು ಎಷ್ಟೋ ಸಲ ಕೈಗೆ ಬರುತ್ತವೆ. ಅನುಮಾನ ಬಂದರೆ ಸ್ಪೆಕ್ಟ್ರೋಗ್ರಾಂ, ಅಂದರೆ ಯಾವ ಕಂಪನಾಂಕ ಎಷ್ಟಿದೆ ಎಂದು ತೋರಿಸುವ ಚಿತ್ರ, ತೆಗೆದು ನೋಡಿ. 16-17 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಚಾಕುವಿನಲ್ಲಿ ಕುಯ್ದ ಹಾಗೆ ಎಲ್ಲವೂ ನಿಂತಿದ್ದರೆ, ಅದು ಹಿಂದಿನ ಜನ್ಮದಲ್ಲಿ 128ರ ಎಂಪಿ3 ಆಗಿತ್ತು ಎಂದು ಬಹುಮಟ್ಟಿಗೆ ಹೇಳಬಹುದು.

ಹೈ-ರೆಸ್ ಧ್ವನಿಯನ್ನು ಚಿಕ್ಕ ಫೈಲಿನಲ್ಲಿ ಮಡಚಿ ಕೊಡುತ್ತೇವೆ ಎಂದ ಎಂಕ್ಯೂಎ ಎಂಬ ಮಾದರಿಯ ಬಗ್ಗೆ ಒಂದೇ ಮಾತು. 2014ರಲ್ಲಿ ಭಾರಿ ಸದ್ದಿನೊಂದಿಗೆ ಬಂತು, ಆನ್‌ಲೈನ್ ಸಂಗೀತ ಸೇವೆಯಾದ ಟೈಡಲ್ 2024ರಲ್ಲಿ ಅದನ್ನು ಬಿಟ್ಟು ಫ್ಲ್ಯಾಕ್‌ಗೆ ಬಂತು. ಅದಕ್ಕಾಗಿಯೇ ಕೊಂಡ ಪೆಟ್ಟಿಗೆಗಳ ಮೇಲೆ ಆ ಹೆಸರಿನ ಪುಟ್ಟ ದೀಪವೊಂದು ಈಗಲೂ ಇದೆ, ಉರಿಯಲು ಕೆಲಸವಿಲ್ಲ.

ಫೈಲು ಬಿಟ್ಟು ಪೆಟ್ಟಿಗೆಗೆ ಬರೋಣ. ಅಂಕಿಯನ್ನು ವಿದ್ಯುತ್ ಅಲೆಯಾಗಿ ಮಾಡುವ ಡ್ಯಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಆ ಸಮಸ್ಯೆ ಹೆಚ್ಚುಕಡಿಮೆ ಬಗೆಹರಿದಿದೆ. ಬೆರಳುದ್ದದ ಒಳ್ಳೆಯ ಡಾಂಗಲ್ ಕೂಡ ಇವತ್ತು ಶೇ 0.001ರ ಆಸುಪಾಸಿನ ವಿರೂಪದಲ್ಲಿ ಕೆಲಸ ಮುಗಿಸುತ್ತದೆ. ಕಂಪ್ಯೂಟರಿನಿಂದ ನೇರವಾಗಿ ತಂತಿ ಎಳೆದಾಗ ಮೌಸ್ ಆಡಿಸಿದರೆ ಸ್ಪೀಕರಿನಲ್ಲಿ ಕಿಚಕಿಚ ಕೇಳಿಸುತ್ತದೆ ಎಂದಾದರೆ ಹೊರಗಿನ ಡ್ಯಾಕ್ ಹಾಕಿಕೊಳ್ಳಿ. ಅಂಥ ಕಾಯಿಲೆ ಇಲ್ಲದಿದ್ದರೆ ಮದ್ದು ಬೇಡ. ತಂತಿ ವಿಷಯವೂ ಅಷ್ಟೆ. ಸ್ಪೀಕರಿಗೆ ಹೋಗುವ ತಂತಿ ದೂರಕ್ಕೆ ತಕ್ಕಷ್ಟು ದಪ್ಪವಿರಲಿ. ಡಿಜಿಟಲ್ ತಂತಿ ಕೆಟ್ಟರೆ ಟಪ್ ಟಪ್ ಎನ್ನುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ವೀಣೆಯ ನಾದವನ್ನು ತುಸುವೇ ಒರಟು ಮಾಡುವ ಸೂಕ್ಷ್ಮ ಬುದ್ಧಿ ಅದಕ್ಕಿಲ್ಲ.

ಬ್ಲೂಟೂತ್ ಬೇರೆ ವಿಷಯ. ಫೋನು ನಿಮ್ಮ ಫ್ಲ್ಯಾಕ್ ಫೈಲನ್ನು ಬಿಚ್ಚಿ, ಮತ್ತೆ ಕಳೆದು ಕುಗ್ಗಿಸಿ ಗಾಳಿಯಲ್ಲಿ ಕಳಿಸುತ್ತದೆ. ಹಾಗೆ ಕುಗ್ಗಿಸುವ ವಿಧಾನಗಳಲ್ಲಿ ಎಲ್ಲ ಉಪಕರಣಗಳಲ್ಲೂ ಇರುವ ಎಸ್‌ಬಿಸಿ ಸಾಮಾನ್ಯವಾಗಿ 328 ಕಿಲೋಬಿಟ್ ವರೆಗೆ, ಎಲ್‌ಡಿಎಸಿ 990ರ ವರೆಗೆ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಕೇಳಲು ಇದು ಧಾರಾಳ. ಲಾಸ್‌ಲೆಸ್ (ಏನನ್ನೂ ಕಳೆಯದ) ಸಂಗೀತಕ್ಕೆ ಚಂದಾ ಕಟ್ಟಿ ಬ್ಲೂಟೂತ್‌ನಲ್ಲಿ ಕೇಳುತ್ತ ಲಾಸ್‌ಲೆಸ್ ಎಷ್ಟು ಚಂದ ಎನ್ನುವವರನ್ನು ಕಂಡರೆ ಮಾತ್ರ ನನಗೆ ನನ್ನ ಹಳೆಯ ದಿನಗಳು ನೆನಪಾಗುತ್ತವೆ. ವೈ-ಫೈ ಮೂಲಕ ಸ್ಪೀಕರೇ ನೇರವಾಗಿ ಫೈಲು ಎಳೆದುಕೊಳ್ಳುವ ವ್ಯವಸ್ಥೆಯಲ್ಲಿ ಈ ಎರಡನೇ ಸುತ್ತಿನ ಕಳೆಯುವಿಕೆ ಇರುವುದಿಲ್ಲ.

ಆಂಪ್ಲಿಫಯರ್ ಎಷ್ಟು ವಾಟ್ ಇರಬೇಕು? ಸಾಧಾರಣ ಸ್ಪೀಕರ್ ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುತ್ತದೆ ಎನ್ನಿ. ಮೂರು ಮೀಟರ್ ದೂರದಲ್ಲಿ ಕೂತು, ಎರಡು ಸ್ಪೀಕರ್ ಸೇರಿಸಿ ನೋಡಿದರೆ ಸುಮಾರು 80. ಆರಾಮವಾಗಿ ಆದರೆ ಗಟ್ಟಿಯಾಗಿ ಕೇಳುವ ಮಟ್ಟ 75 ಎಂದುಕೊಂಡರೆ, ಖರ್ಚಾಗುತ್ತಿರುವುದು ವಾಟ್‌ನ ಮೂರನೇ ಒಂದು ಪಾಲು. ಸಂಗೀತದ ಎತ್ತರದ ಕ್ಷಣಗಳು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹೋಗಬಹುದು. 20 ಡೆಸಿಬೆಲ್ ಎಂದರೆ ನೂರು ಪಟ್ಟು, ಅಂದರೆ 30 ವಾಟ್. 30ರಿಂದ 60ಕ್ಕೆ ಹೋದರೆ ಸಿಗುವುದು ಬರೀ 3 ಡೆಸಿಬೆಲ್. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗಿರುವ ಸಾವಿರಾರು ವಾಟ್‌ಗಳು ಯಾವ ಲೋಕದವೋ ಅವರಿಗೇ ಗೊತ್ತು.

ಈಗ ನಿಜವಾದ ವಿಷಯಕ್ಕೆ ಬಂದೆವು. ಡ್ಯಾಕ್‌ನ ವಿರೂಪ ಶೇ 0.001 ಎಂದೆನಲ್ಲ, ಸ್ಪೀಕರ್ ಜೋರಾಗಿ ಮಂದ್ರ ಸ್ವರ ನುಡಿಸುವಾಗ ಅದೇ ವಿರೂಪ ಶೇ 1 ದಾಟುವುದು ಮಾಮೂಲು. ಸಾವಿರ ಪಟ್ಟು. ಸ್ಪೀಕರಿಗೂ ಸ್ಪೀಕರಿಗೂ ಇರುವ ಅಂತರ ಯಾರ ಕಿವಿಗಾದರೂ ಗೊತ್ತಾಗುತ್ತದೆ, ಪರೀಕ್ಷೆ ಬೇಡ. ಆದರೆ ಯಾವುದು ಒಳ್ಳೆಯದು ಎಂದು ಹೇಳುವಾಗ ಕಣ್ಣು ಮಧ್ಯೆ ಬರುತ್ತದೆ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಒಂದೇ ಗುಂಪಿನವರಿಗೆ ಒಂದಷ್ಟು ಸ್ಪೀಕರ್‌ಗಳನ್ನು ಒಮ್ಮೆ ಪರದೆಯ ಹಿಂದಿಟ್ಟು, ಒಮ್ಮೆ ಕಣ್ಣೆದುರಿಗಿಟ್ಟು ಕೇಳಿಸಿದರು. ಕಣ್ಣೆದುರಿಗಿದ್ದಾಗ ಅಂಕಗಳು ಬದಲಾದವು. ದೊಡ್ಡದು, ಚಂದದ್ದು ಮೇಲೇರಿತು. ಸ್ಪೀಕರನ್ನು ಜಾಗ ಬದಲಿಸಿದರೆ ಧ್ವನಿ ಬದಲಾಗುತ್ತದಲ್ಲ, ಆ ಬದಲಾವಣೆಯನ್ನೂ ಕಣ್ಣು ಬಿಟ್ಟವರು ಅಷ್ಟಾಗಿ ಗಮನಿಸಲಿಲ್ಲ. ಟೂಲ್ ಅವರ ದಶಕಗಳ ಕೆಲಸದ ಸಾರ ಕೇಳುಗರಿಗೆ ಸಮಾಧಾನ ತರುವಂಥದ್ದು: ಕಣ್ಣಿಗೆ ಮರೆ ಮಾಡಿದರೆ ಹೆಚ್ಚಿನವರಿಗೆ ಇಷ್ಟವಾಗುವುದು ಒಂದೇ ಬಗೆಯ ಸ್ಪೀಕರ್. ನೇರಕ್ಕೆ ಎಲ್ಲ ಸ್ವರಗಳನ್ನೂ ಸಮವಾಗಿ ನುಡಿಸುವ, ಪಕ್ಕಕ್ಕೆ ಚೆಲ್ಲುವ ಧ್ವನಿಯೂ ಏರುಪೇರಿಲ್ಲದೆ ಇಳಿಯುವ ಸ್ಪೀಕರ್. ಕೊಳ್ಳುವಾಗ ಅಂಥ ಅಳತೆಯ ನಕ್ಷೆ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಮರದ ಹೊಳಪು ನೋಡಿ ಕೊಂಡಂತಾಗುತ್ತದೆ. ನಾನು ಒಮ್ಮೆ ಹಾಗೂ ಕೊಂಡಿದ್ದೇನೆ. ಹೊಳಪು ಈಗಲೂ ಚೆನ್ನಾಗಿದೆ.

ಕೋಣೆ. ನನ್ನ ಕೋಣೆ ಉದ್ದಕ್ಕೆ ನಾಲ್ಕು ಮೀಟರ್. ಅಚ್ಚುಕಟ್ಟಾಗಿ ಕುರ್ಚಿಯನ್ನು ಸರಿಯಾಗಿ ನಡುವೆ ಇಟ್ಟಿದ್ದೆ. ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯ ನುಡಿಸುವವರು ಮೇಲಿನಿಂದ ಒಂದೊಂದೇ ಸ್ವರ ಇಳಿಯುತ್ತ ಬಂದು, ಅತಿ ಕೆಳಗಿನ ತಂತಿಗೆ ಬಂದಾಗ ವಾದ್ಯವೇ ಕೋಣೆ ಬಿಟ್ಟು ಹೋದಂತಾಗುತ್ತಿತ್ತು. ಸ್ಪೀಕರಿನ ಕೈಲಾಗುತ್ತಿಲ್ಲ ಎಂದು ಮಂದ್ರ ಸ್ವರಕ್ಕೆಂದೇ ಇರುವ ಸ್ಪೀಕರ್, ಸಬ್‌ವೂಫರ್, ತಂದೆ. ಪಕ್ಕದ ಕೋಣೆಯಲ್ಲಿ ಕಿಟಕಿಯ ಗಾಜು ಗಡಗಡ ಎಂದಿತು. ಕುರ್ಚಿಯಲ್ಲಿ ಕೂತ ನನಗೆ ಮಾತ್ರ ಏನೂ ಇಲ್ಲ. ಆಮೇಲೆ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಅಂದರೆ ಎಂಟರಿಂದ ಭಾಗಿಸಿದರೆ 43 ಹರ್ಟ್ಜ್. ಆ ಕಂಪನಾಂಕದ ಅಲೆ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ: ಗೋಡೆಗಳ ಬಳಿ ಒತ್ತಡ ಹೆಚ್ಚು, ನಟ್ಟನಡುವೆ ಸೊನ್ನೆ. ಡಬಲ್ ಬೇಸ್‌ನ ಕೆಳಗಿನ ತಂತಿ 41 ಹರ್ಟ್ಜ್. ನಾನು ಆ ಸೊನ್ನೆಯ ಮೇಲೆಯೇ ಕುರ್ಚಿ ಹಾಕಿಕೊಂಡು ಕೂತಿದ್ದೆ.

43 ಹರ್ಟ್ಜ್‌ನ ಒಂದೇ ಸ್ವರವನ್ನು ಸ್ಪೀಕರಿನಲ್ಲಿ ಬಿಟ್ಟು ಕೋಣೆಯ ಉದ್ದಕ್ಕೂ ನಡೆದು ನೋಡಿದೆ. ನೀವೂ ಇವತ್ತೇ ಮಾಡಿ. ಗೋಡೆಗೆ ಬೆನ್ನು ತಾಗಿಸಿ ನಿಂತರೆ ಹೊಟ್ಟೆಯಲ್ಲಿ ಗುಂಯ್ ಎನ್ನುತ್ತದೆ. ಒಂದೊಂದೇ ಹೆಜ್ಜೆ ಮುಂದಿಟ್ಟ ಹಾಗೆ ಸದ್ದು ಕರಗುತ್ತ ಬಂದು, ನಡುವೆ ತಲೆ ಇಟ್ಟರೆ ಸ್ಪೀಕರ್ ಆರಿಸಿದಂತೆ. ಇನ್ನೆರಡು ಹೆಜ್ಜೆ, ಮತ್ತೆ ಬರುತ್ತದೆ. ಕುರ್ಚಿಯನ್ನು 70 ಸೆಂಟಿಮೀಟರ್ ಹಿಂದಕ್ಕೆ ಎಳೆದೆ, ಡಬಲ್ ಬೇಸ್ ವಾಪಸು ಬಂತು. ಯಾವ ಫೈಲು, ಯಾವ ಡ್ಯಾಕ್, ಯಾವ ತಂತಿಯೂ ಮಾಡದ್ದನ್ನು ಕುರ್ಚಿಯ ನಾಲ್ಕು ಕಾಲು ಮಾಡಿದವು. ಸಬ್‌ವೂಫರ್ ಕೊಂಡ ಬಿಲ್ಲನ್ನು ಆಮೇಲೆ ಯಾರಿಗೂ ತೋರಿಸಿಲ್ಲ.

ಮಾಮೂಲು ಕೋಣೆಯಲ್ಲಿ 200 ಹರ್ಟ್ಜ್‌ಗಿಂತ ಕೆಳಗೆ ಧ್ವನಿಯ ಮಟ್ಟ 10-15 ಡೆಸಿಬೆಲ್ ಏರುಪೇರಾಗುವುದು ಅಪರೂಪವಲ್ಲ. ಸ್ಪೀಕರ್ ಹಿಂದಿನ ಗೋಡೆಯಿಂದ ಒಂದು ಮೀಟರ್ ದೂರವಿದ್ದರೆ 86 ಹರ್ಟ್ಜ್ ಆಸುಪಾಸಿನಲ್ಲಿ ಗೋಡೆಗೆ ಬಡಿದು ಬಂದ ಅಲೆ ನೇರ ಅಲೆಯನ್ನು ತಿಂದುಹಾಕುತ್ತದೆ. ಗೋಡೆಗೆ ಹತ್ತಿರ ಸರಿಸಿದರೆ ಆ ತಗ್ಗು ಮೇಲಿನ ಸ್ವರಗಳ ಕಡೆ ಹೋಗುತ್ತದೆ, ಆದರೆ ಕೆಳಗಿನದು ಊದಿಕೊಳ್ಳುತ್ತದೆ. ಎಲ್ಲಿ ಸರಿಹೋಗುತ್ತದೆ ಎಂದು ಸರಿಸಿ ಸರಿಸಿಯೇ ನೋಡಬೇಕು. ಅಳೆಯುವ ಮೈಕು ಒಂದಿದ್ದರೆ ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶ ನಕ್ಷೆ ಬರೆದುಕೊಡುತ್ತದೆ. ನಕ್ಷೆ ಬಂದ ಮೇಲೆ, ಬೇರೆ ಬೇರೆ ಕಂಪನಾಂಕಗಳ ಮಟ್ಟ ಏರಿಳಿಸುವ ಈಕ್ವಲೈಸರ್‌ನಿಂದ ಉಬ್ಬುಗಳನ್ನು ತಗ್ಗಿಸಿ. ತಗ್ಗುಗಳನ್ನು ತುಂಬಲು ಹೋಗಬೇಡಿ. ಎಷ್ಟು ಶಕ್ತಿ ಸುರಿದರೂ ಬಡಿದು ಬರುವ ಅಲೆಯೂ ಅಷ್ಟೇ ಬಲವಾಗಿ ಬಂದು ತಿನ್ನುತ್ತದೆ. ಪಕ್ಕದ ಗೋಡೆಗೆ ಬೇಕಾದ್ದು ಒಂದು ಕನ್ನಡಿ. ಇನ್ನೊಬ್ಬರು ಅದನ್ನು ಗೋಡೆಯ ಮೇಲೆ ಜಾರಿಸುತ್ತ ಹೋಗಲಿ, ಕುರ್ಚಿಯಲ್ಲಿ ಕೂತ ನಿಮಗೆ ಅದರಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿ ಪುಸ್ತಕದ ಕಪಾಟೋ ದಪ್ಪ ಪರದೆಯೋ ಇರಲಿ.

ಹೆಡ್‌ಫೋನಿಗೆ ಕೋಣೆಯ ಗೊಡವೆಯಿಲ್ಲ. ಅದೇ ಅದರ ದೊಡ್ಡ ಗುಣ. ವಾಲ್ಯೂಮ್ ಒಂದು ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್‌ನಲ್ಲಿ. 90ಕ್ಕೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಮನೆಯಲ್ಲೇ ಸರಿಯಾದ ಪರೀಕ್ಷೆ ಮಾಡುವುದು ಹೇಗೆ ಎಂದರು. ಮೊದಲು ಎರಡು ಫೈಲುಗಳ ವಾಲ್ಯೂಮ್ ಅನ್ನು 0.1 ಡೆಸಿಬೆಲ್ ಒಳಗೆ ಸಮ ಮಾಡಿ. ಇದನ್ನು ಕಿವಿಯಿಂದ ಮಾಡಲಾಗುವುದಿಲ್ಲ, ಅದಕ್ಕೇ ನಾನು ಸೋತದ್ದು. ಫೈಲುಗಳ ಜೋರನ್ನು ಅಳೆದು ಸಮ ಮಾಡುವ ರೀಪ್ಲೇಗೇನ್‌ನಂಥ ಸಾಧನ ಬಳಸಿ. ಆಮೇಲೆ ಎಬಿಎಕ್ಸ್ (ಎ, ಬಿ ಎರಡನ್ನೂ ಕೇಳಿ, ಗುಟ್ಟಾಗಿಟ್ಟ ಎಕ್ಸ್ ಯಾವುದೆಂದು ಹೇಳುವ ಪರೀಕ್ಷೆ) ಸೌಲಭ್ಯವಿರುವ ತಂತ್ರಾಂಶದಲ್ಲಿ 16 ಸಲ ಕೇಳಿ. ಹಾಡು ನುಡಿಸುವ ತಂತ್ರಾಂಶ ಫೂಬಾರ್2000ಕ್ಕೆ ಅಂಥ ಜೋಡಣೆ ಇದೆ. 12 ಅಥವಾ ಹೆಚ್ಚು ಸಲ ಸರಿಯಾದರೆ, ಅದು ಬರೀ ಅದೃಷ್ಟದಿಂದ ಬರುವ ಸಾಧ್ಯತೆ ಶೇ 4ಕ್ಕಿಂತ ಕಡಿಮೆ. ಎಂಟು ಸಲ ಸರಿಯಾದರೆ ಬೇಜಾರು ಮಾಡಿಕೊಳ್ಳಬೇಡಿ, ಜಾಗ ಉಳಿಯಿತು ಎಂದುಕೊಳ್ಳಿ.

ಇನ್ನೊಬ್ಬರು ಹಿರಿಯರು. ಅವರ ತಾಯಿ ಹಾಡಿದ ಕ್ಯಾಸೆಟ್‌ಗಳು ಒಂದು ಪೆಟ್ಟಿಗೆ ತುಂಬ ಇವೆಯಂತೆ, ಯಾವ ಮಾದರಿಯಲ್ಲಿ ಕಾಪಾಡಲಿ ಎಂದು ಕೇಳಿದರು. ಇಲ್ಲಿ ನಾನು ಇಷ್ಟು ಹೊತ್ತು ಆಡಿಕೊಂಡ 24 ಬಿಟ್ ಉಪಯೋಗಕ್ಕೆ ಬರುತ್ತದೆ ಎಂದೆ. ಕ್ಯಾಸೆಟ್‌ಗೆ ಅಷ್ಟು ಸೂಕ್ಷ್ಮ ಇದೆಯೆಂದಲ್ಲ, ಮಟ್ಟವನ್ನು ಕೆಳಗಿಟ್ಟು ರೆಕಾರ್ಡ್ ಮಾಡಿದರೂ ಏನೂ ಕಳೆಯುವುದಿಲ್ಲ, ನಡುವೆ ಯಾರೋ ಜೋರಾಗಿ ಕೆಮ್ಮಿದರೂ ಧ್ವನಿ ಒಡೆಯುವುದಿಲ್ಲ. 24 ಬಿಟ್, 48 ಕಿಲೋಹರ್ಟ್ಜ್, ಫ್ಲ್ಯಾಕ್. ಕ್ಯಾಸೆಟ್ ಅನ್ನು ಡಾಲ್ಬಿಯಲ್ಲಿ (ಟೇಪಿನ ಹಿಸ್ ಸದ್ದು ತಗ್ಗಿಸುವ ವಿಧಾನ) ಮುದ್ರಿಸಿದ್ದರೆ ಡೆಕ್‌ನಲ್ಲೂ ಅದೇ ಡಾಲ್ಬಿ ಹಾಕಬೇಕು. ಅದಕ್ಕಿಂತ ಮುಖ್ಯವಾದದ್ದು ಟೇಪಿಗೆ ತಾಗಿ ಓದುವ ಹೆಡ್‌ನ ಓರೆ. ಮುದ್ರಿಸಿದ ಯಂತ್ರದ ಹೆಡ್ ಯಾವ ಕೋನದಲ್ಲಿತ್ತೋ ನುಡಿಸುವ ಯಂತ್ರದ್ದೂ ಅದೇ ಕೋನದಲ್ಲಿರಬೇಕು, ಇಲ್ಲದಿದ್ದರೆ ಹಾಡಿನ 'ಸ' 'ಶ'ಗಳೆಲ್ಲ ಮಬ್ಬಾಗುತ್ತವೆ. ಎರಡು ಚಾನೆಲ್‌ಗಳನ್ನೂ ಸೇರಿಸಿ ಮೋನೊ ಮಾಡಿ ಕೇಳುತ್ತ, ಹೆಡ್‌ನ ಪಕ್ಕದಲ್ಲಿರುವ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. ಒಂದು ಕಡೆ ದನಿ ಇದ್ದಕ್ಕಿದ್ದಂತೆ ತಿಳಿಯಾಗುತ್ತದೆ, ಅಲ್ಲಿ ನಿಲ್ಲಿಸಿ ರೆಕಾರ್ಡ್ ಒತ್ತಿ. ಪ್ರತಿ ಕ್ಯಾಸೆಟ್‌ಗೂ ಹೀಗೆ ಮಾಡಬೇಕಾಗಬಹುದು.

ಅವರು ಎಲ್ಲವನ್ನೂ ಬರೆದುಕೊಂಡು ಹೊರಟರು. ಬಾಗಿಲ ತನಕ ಹೋದವರನ್ನು ಕರೆದು ಇನ್ನೊಂದು ಹೇಳಿದೆ: ಸ್ಕ್ರೂ ಮುಟ್ಟುವ ಮುಂಚೆ ಅದು ಎಲ್ಲಿತ್ತೆಂದು ಪೆನ್ನಿನಲ್ಲಿ ಒಂದು ಗುರುತು ಹಾಕಿಕೊಳ್ಳಿ.